ತೊಂಬತ್ತು ದಿನದ ಆಯಸ್ಸು

ವೆಬ್‌ಸೈಟಿನ ಸರ್ಟಿಫಿಕೇಟಿಗೆ ಜಾತಕ ನೋಡಿಸಬೇಕಿಲ್ಲ. ಸಾಯುವ ಗಳಿಗೆಯನ್ನು ಸೆಕೆಂಡು ಸಮೇತ ಬರೆಸಿಕೊಂಡೇ ಹುಟ್ಟಿರುತ್ತದೆ. 2015ರ ಡಿಸೆಂಬರಿನಲ್ಲಿ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ಇದನ್ನು ಎಲ್ಲರಿಗೂ ಪುಕ್ಕಟೆ ಕೊಡಲು ಶುರು ಮಾಡಿತು, ಆದರೆ ಬಾಳಿಕೆ ಬರೀ 90 ದಿನ.

‘ನೆನಪಿಟ್ಟುಕೊಂಡು ನಾನೇ ನವೀಕರಿಸ್ತೀನಿ ಬಿಡ್ರೀ’ ಎನ್ನುವವರನ್ನು ನಾನಂತೂ ನಂಬುವುದಿಲ್ಲ. ಅವಧಿ ಮುಗಿಯುವುದು ದೀಪಾವಳಿ ರಜೆಯಲ್ಲೇ, ಅವರು ಊರಿಗೆ ಹೋಗಿರುವಾಗಲೇ. ಕೆಲಸವನ್ನು ಸರ್ಟ್‌ಬಾಟ್ ಎಂಬ ತಂತ್ರಾಂಶಕ್ಕೆ ಒಪ್ಪಿಸಿ ನೋಡಿ. ದಿನಕ್ಕೆರಡು ಸಲ ಏಳುತ್ತದೆ, ತಾರೀಖು ನೋಡುತ್ತದೆ, ‘ಇನ್ನೂ ಟೈಮಿದೆ’ ಎಂದು ಮಗ್ಗುಲು ಬದಲಿಸುತ್ತದೆ. ತಿಂಗಳು ಉಳಿದಾಗ ಮಾತ್ರ ಮೈಮುರಿದು ಎದ್ದು, ಗುರುತಿನ ಫೈಲೊಂದನ್ನು ಇಟ್ಟು, 80ನೇ ಪೋರ್ಟಿನಲ್ಲಿ ಅದನ್ನು ಪರೀಕ್ಷೆಗೆ ಒಡ್ಡಿ ಹೊಸ ಸರ್ಟಿಫಿಕೇಟ್ ತರುತ್ತದೆ. ಭದ್ರತೆಯ ಉಮೇದಿನಲ್ಲಿ ಆ ಪೋರ್ಟಿಗೇ ಬೀಗ ಜಡಿದ ಮಹಾನುಭಾವರೂ ಇದ್ದಾರೆ!

ಅಸಲಿ ತಮಾಷೆ ಆಮೇಲಿನದು. ಹೊಸದು ಡಿಸ್ಕಿನಲ್ಲಿ ಠಾಕುಠೀಕಾಗಿ ಕೂತಿದ್ದರೂ, ರೀಲೋಡ್ ಮಾಡು ಎಂದು ಹೇಳುವತನಕ ವೆಬ್ ಸರ್ವರ್ ಆದ ಎಂಜಿನ್‌ಎಕ್ಸ್ ಬಂದವರಿಗೆಲ್ಲ ಹಳೆಯದನ್ನೇ ತೋರಿಸುತ್ತಿರುತ್ತದೆ. ಅದಕ್ಕೇ ನವೀಕರಣವಾದ ಕೂಡಲೇ ರೀಲೋಡ್ ಮಾಡಿಸುವ ಡಿಪ್ಲಾಯ್ ಹುಕ್ ಎಂಬ ಒಂದು ಸಾಲು ಬೇಕು. ಡ್ರೈ ರನ್ ಎಂಬ ತಾಲೀಮು ಮಾಡಿ ತೃಪ್ತರಾದವರು ಮರೆಯುವುದು ಈ ಸಾಲನ್ನೇ.

ಅವಧಿ ಮುಗಿಯುತ್ತಿದೆ ಎಂದು ನೆನಪಿಸುವ ಇಮೇಲನ್ನೂ ಲೆಟ್ಸ್ ಎನ್‌ಕ್ರಿಪ್ಟ್ 2025ರ ಜೂನಿನಲ್ಲಿ ನಿಲ್ಲಿಸಿತು. 2029ರ ಮಾರ್ಚಿನಿಂದ ಯಾರೇ ಕೊಟ್ಟರೂ ಗರಿಷ್ಠ ಆಯಸ್ಸು 47 ದಿನವಂತೆ. ಕ್ಯಾಲೆಂಡರಿನಲ್ಲಿ ತಾರೀಖಿಗೆ ಸುತ್ತು ಹಾಕಿಕೊಳ್ಳುವವರು ಈಗಲೇ ಒಂದು ಡಜನ್ ಕೆಂಪು ಪೆನ್ನು ಕೊಂಡಿಡಲಿ.