ಸಿಟ್ಟು ಎಷ್ಟು ಸೆಂಟು?

ಮಾರ್ಚ್ ತಿಂಗಳ ಸಂಜೆ ಆಲ್ದೂರಿನ ಮೇಲೆ ನಾಲ್ಕು ಗುಡುಗು ಗುಡುಗಿತು ಅಂತಿಟ್ಟುಕೊಳ್ಳಿ. ಮಳೆ ನಿಂತಿತೋ ಇಲ್ಲವೋ, ಫೋನುಗಳು ಬಡಿದುಕೊಳ್ಳಲು ಶುರು. ಯಾರೂ ಕ್ಷೇಮಸಮಾಚಾರ ಕೇಳುವುದಿಲ್ಲ. "ನಿಮ್ಮಲ್ಲಿ ಎಷ್ಟಾಯ್ತು?" ಅಷ್ಟೇ. ಹವಾಮಾನದವರು ಎಷ್ಟೇ ಮಿಲಿಮೀಟರ್ ಅಂದರೂ ಕಾಫಿ ಬೆಳೆಗಾರನಿಗೆ ಮಳೆ ಇಂಚು-ಸೆಂಟಿನಲ್ಲೇ ಬರಬೇಕು. 100 ಸೆಂಟಿಗೆ 1 ಇಂಚು. ಹೂಮಳೆ ಅನ್ನಿಸಿಕೊಳ್ಳಲು ಹತ್ತಿರಹತ್ತಿರ ಒಂದಿಂಚಾದರೂ ಬೀಳಬೇಕು. ಆ ಕಡೆಯಿಂದ "ಒಂದೂ ಹತ್ತು" ಅಂತ ಉತ್ತರ ಬಂತು. ನಮ್ಮ ಅಂಗಳದ ಮಾಪಕದಲ್ಲಿ ಬರೀ 30 ಸೆಂಟು. ಅರೆಬರೆ ನೆನೆದ ಮೊಗ್ಗು ಅತ್ತ ಅರಳದೆ ಇತ್ತ ಉಳಿಯದೆ ಹಾಳಾಗುವ ಮಳೆ ಅದು. "ಒಳ್ಳೇದಾಯ್ತು ಬಿಡಿ, ನಿಮಗಾದ್ರೂ ಆಯ್ತಲ್ಲ" ಅಂತ ಹೇಳುವಾಗ ಗಂಟಲಲ್ಲಿ ಏನೋ ಸಿಕ್ಕಿಕೊಳ್ಳುತ್ತದಲ್ಲ, ಅದನ್ನು ಸಿಟ್ಟು ಅಂತ ಒಪ್ಪಿಕೊಳ್ಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇಲ್ಲ. ಮೋಡ ಬೇಲಿ ದಾಟಿ ಹೋದದ್ದಕ್ಕೆ ಪಕ್ಕದ ತೋಟದವರು ಹೊಣೆಯೇ? ಖಂಡಿತ ಅಲ್ಲ. ಆದರೆ ಆ ರಾತ್ರಿ ಅವರ ಮೇಲಲ್ಲದೆ ಇನ್ಯಾರ ಮೇಲೆ ಸಿಟ್ಟು ಮಾಡಿಕೊಳ್ಳೋದು ಮಾರಾಯ್ರೆ?

ಅದಕ್ಕೇ ನನ್ನದೊಂದು ವಾದ. ಸಿಟ್ಟಿಗೆ ಸ್ವಂತ ಬಣ್ಣ ಅಂತ ಇಲ್ಲ, ಎದುರಿಗೆ ಯಾರು ನಿಂತಿದ್ದಾರೆ ನೋಡಿಕೊಂಡೇ ಅದು ಬಣ್ಣ ಹಚ್ಚಿಕೊಳ್ಳುತ್ತದೆ. ನನ್ನ ಮಾತು ಬೇಡ ಅಂದರೆ ಭರತಮುನಿಯನ್ನು ಕೇಳಿ. ನಾಟ್ಯಶಾಸ್ತ್ರದಲ್ಲಿ ಕ್ರೋಧವನ್ನು ರೌದ್ರರಸದ ಸ್ಥಾಯಿಭಾವ ಅಂತ ಕೂರಿಸಿ, ಅದಕ್ಕೆ ಐದು ಬಗೆ ಹೇಳುತ್ತಾನೆ: ಶತ್ರುವಿನಿಂದ ಹುಟ್ಟಿದ್ದು, ಗುರುವಿನಿಂದ ಹುಟ್ಟಿದ್ದು, ಪ್ರಣಯದಲ್ಲಿ ಬಂದದ್ದು, ಆಳಿನ ಮೇಲೆ ಬಂದದ್ದು, ಕೊನೆಗೆ ಸುಳ್ಳುಸುಳ್ಳೇ ನಟಿಸುವುದು. ಎಷ್ಟು ಸಿಟ್ಟು ಅಂತ ಅವನು ಅಳೆಯಲು ಹೋಗಲಿಲ್ಲ, ಯಾರ ಮೇಲೆ ಅಂತ ಕೇಳಿದ. ಆಕಾಶದ ಮೇಲಿನ ಸಿಟ್ಟನ್ನು ಪಟ್ಟಿಯಿಂದ ಬಿಟ್ಟ. ಪಾಪ, ಅವನಿಗೆ ಕಾಫಿ ತೋಟ ಇರಲಿಲ್ಲ.

ಇದ್ದಿದ್ದರೆ ಆಳಿನ ಮೇಲಿನ ಸಿಟ್ಟನ್ನೂ ತೆಗೆದುಹಾಕುತ್ತಿದ್ದ. ಒಂದು ಕಾಲದಲ್ಲಿ ಸಾಹುಕಾರರು ರೈಟರ ಮೇಲೆ, ರೈಟರು ಮೇಸ್ತ್ರಿ ಮೇಲೆ, ಮೇಸ್ತ್ರಿ ಕೊಯ್ಲಿನವರ ಮೇಲೆ, ಹೀಗೆ ಸಿಟ್ಟು ಗುಡ್ಡದ ಮೇಲಿಂದ ಲೈನ್ ಮನೆ ತನಕ ಸಲೀಸಾಗಿ ಇಳಿಯುತ್ತಿತ್ತು. ಈಗ ಹಣ್ಣು ಕೊಯ್ಯುವವರು ಅಸ್ಸಾಮಿನಿಂದಲೋ ಉತ್ತರ ಕರ್ನಾಟಕದಿಂದಲೋ ಬರಬೇಕು. ಒಂದು ಮಾತು ಜೋರಾದರೆ ಕೆ.ಜಿ.ಗೆ ಒಂದು ರೂಪಾಯಿ ಹೆಚ್ಚು ಕೊಡುವ ತೋಟಕ್ಕೆ ಜೀಪು ಹತ್ತುತ್ತಾರೆ. ಹಸಿರುಕಾಯಿಯನ್ನೂ ಸೇರಿಸಿ ಕಿತ್ತು ಚೀಲ ತುಂಬಿದ್ದನ್ನು ಕಂಡ ಸಾಹುಕಾರರು ಹಲ್ಲು ಕಚ್ಚಿಕೊಂಡು, "ಪರವಾಗಿಲ್ಲ, ನಾಳೆ ನೋಡ್ಕೊಂಡು ಕೊಯ್ಯಿ ತಾಯಿ" ಅನ್ನುವ ದೃಶ್ಯ ಯಾವ ಮೇಳದ ಯಕ್ಷಗಾನದಲ್ಲೂ ಸಿಗುವುದಿಲ್ಲ. ಆ ಸಿಟ್ಟು ಮನೆಗೆ ಬಂದು ನಾಯಿಗೆ ಸೇರುತ್ತದೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂದವರು ಪೂರ್ತಿ ಲೆಕ್ಕ ತಿಳಿದವರು.

ಗುರುಹಿರಿಯರ ಮೇಲಿನದು ತಲೆ ತಗ್ಗಿಸಿಕೊಂಡು ಮಾಡುವ ಸಿಟ್ಟು. ತೋಟದ ಪಹಣಿ ಅಪ್ಪನ ಹೆಸರಿನಲ್ಲಿರುವ ತನಕ ಮಗನಿಗೆ ಇದರ ಅಭ್ಯಾಸ ಬಹಳ ಚೆನ್ನಾಗಿರುತ್ತದೆ.

ಶತ್ರುವಿನ ವಿಷಯಕ್ಕೆ ಬಂದರೆ, ರಾತ್ರಿ ಆನೆ ಬಂದು ಗಿಡ ಮುರಿದು, ಬಾಳೆ ಕಿತ್ತು ಹೋದರೆ ಬೆಳಿಗ್ಗೆ ಬೈಗುಳ ಬೀಳುವುದು ಅರಣ್ಯ ಇಲಾಖೆಯ ಜೀಪಿಗೆ. ಆನೆಗೆ ಬೈದರೆ ಅದು ಕೇಳಿಸಿಕೊಂಡು ಮತ್ತೆ ಬಂದೀತು ಅನ್ನುವ ಅಂಜಿಕೆ ಬೇರೆ. ಆದರೆ ಕೂಲಿಗೆ ಹೋದವರು ಆನೆ ಕಾಲಿಗೆ ಸಿಕ್ಕ ದಿನ ಊರಿಗೆ ಊರೇ ರಸ್ತೆಯಲ್ಲಿ ಕೂರುತ್ತದೆ. ಆ ಸಿಟ್ಟಿನ ಮುಂದೆ ಹರಟೆಯವರು ಬಾಯಿ ಮುಚ್ಚಿಕೊಂಡಿರಬೇಕು.

ಪ್ರಣಯಕೋಪಕ್ಕೆ ಬರೋಣ. ಕೈಕೇಯಿಗೆ ಸಿಟ್ಟು ಮಾಡಲೆಂದೇ ಒಂದು ಕೋಣೆ ಇತ್ತಂತೆ. ನಮ್ಮ ಮನೆಗಳಲ್ಲಿ ಅಡುಗೆಮನೆಯಲ್ಲೇ ಸುಧಾರಿಸಬೇಕು. ಮೊದಲ ಹಂತದಲ್ಲಿ ಬೆಲ್ಲದ ಕಾಫಿ ಬರುತ್ತದೆ, ಬೆಲ್ಲ ಬರುವುದಿಲ್ಲ. ಅದಕ್ಕೂ ಬಗ್ಗದಿದ್ದರೆ ಲೋಟ ಮಗನ ಕೈಲಿ ಬರುತ್ತದೆ, ಜೊತೆಗೆ "ನಿಮ್ಮಪ್ಪನಿಗೆ ಕೊಡು" ಅನ್ನುವ ಒಕ್ಕಣೆ. ಆಮೇಲೆ ಗಾಳಿಯನ್ನು ಉದ್ದೇಶಿಸಿ ಒಂದು ಪ್ರಕಟಣೆ: "ರೊಟ್ಟಿ ಆಗಿದೆ, ತಿನ್ನೋರು ತಿನ್ಬಹುದು." ಪಾತ್ರೆ ಸದ್ದು ಮಾಡುತ್ತಿದ್ದರೆ ಹೆದರಬೇಡಿ, ಮಾತು ಇನ್ನೂ ಉಳಿದಿದೆ ಅಂತ ಅರ್ಥ. ಪಾತ್ರೆಗಳು ತೀರಾ ಮೆತ್ತಗೆ, ಬಹಳ ಮರ್ಯಾದೆಯಿಂದ ಕೂತವೋ, ಆ ಹೊತ್ತು ತೋಟದ ಮೇಲಿನ ಕೆಲಸ ನೆನಪು ಮಾಡಿಕೊಳ್ಳುವುದು ಗಂಡಸಿಗೆ ಕ್ಷೇಮ.

ನಟನೆಯ ಸಿಟ್ಟನ್ನು ಕಣ್ಣಾರೆ ನೋಡಬೇಕಿದ್ದರೆ ಕಾಫಿ ವ್ಯಾಪಾರಿಯ ಅಂಗಡಿಗೆ ಬನ್ನಿ. ಚೆರಿ ಚೀಲದಿಂದ ಸ್ಯಾಂಪಲ್ ತೆಗೆದು, ಸಿಪ್ಪೆ ಬಿಡಿಸಿ, 50 ಕೆ.ಜಿ.ಗೆ ಬೇಳೆ ಎಷ್ಟು ಬಂದೀತು ಅಂತ ಔಟ್‌ಟರ್ನ್ ನೋಡುತ್ತಾರೆ. ವ್ಯಾಪಾರಿ 26 ಅನ್ನುತ್ತಾನೆ. ಬೆಳೆಗಾರ ಎದ್ದು ನಿಲ್ಲುತ್ತಾನೆ, "ಇನ್ನು ನಿಮ್ಮ ಮೆಟ್ಟಿಲು ಹತ್ತಿದ್ರೆ ಕೇಳಿ" ಅಂತ ಗುಡುಗುತ್ತಾನೆ, ಜೀಪಿನ ತನಕ ಹೋಗುತ್ತಾನೆ, ಅಲ್ಲಿ ಕೀ ಹುಡುಕಲು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಾನೆ. ವ್ಯಾಪಾರಿಗೂ ಈ ಪ್ರಸಂಗ ಬಾಯಿಪಾಠ. "ಬನ್ನಿ ಬನ್ನಿ, ಕಾಫಿ ಕುಡ್ಕೊಂಡು ಹೋಗಿ" ಅನ್ನುತ್ತಾನೆ. ವ್ಯವಹಾರ 27ಕ್ಕೆ ಮುಗಿಯುತ್ತದೆ. ಇಬ್ಬರಿಗೂ ಬಿ.ಪಿ. ಏರಿರುವುದಿಲ್ಲ.

ದರದ ಮೇಲಿನ ಸಿಟ್ಟೇ ಈಗ ಅನಾಥ. 1942ರ ಕಾಫಿ ಕಾಯ್ದೆಯ ಕಾಲದಿಂದ ಬೆಳೆದದ್ದನ್ನೆಲ್ಲ ಕಾಫಿ ಮಂಡಳಿಯ ಪೂಲಿಗೆ ಒಪ್ಪಿಸಿ, ಕಂತು ಕಂತಾಗಿ ಬರುವ ಹಣಕ್ಕೆ ಕಾಯುತ್ತಾ ಹಿರಿಯರು ಬೋರ್ಡಿಗೆ ಮನಸಾರೆ ಶಾಪ ಹಾಕಿದರು. 1990ರ ದಶಕದಲ್ಲಿ ಪೂಲ್ ಸಡಿಲವಾಗಿ 1996ಕ್ಕೆ ಪೂರ್ತಿ ಮುಗಿಯಿತು, ಬೇಕಾದವರಿಗೆ ಮಾರುವ ಸ್ವಾತಂತ್ರ್ಯ ಬಂತು. ಬೈಯುವುದಕ್ಕಿದ್ದ ವಿಳಾಸ ಹೋಯಿತು. ಈಗ ಅರೇಬಿಕಾದ ಹಣೆಬರಹ ನ್ಯೂಯಾರ್ಕಿನಲ್ಲಿ, ರೋಬಸ್ಟಾದ್ದು ಲಂಡನ್ನಿನಲ್ಲಿ. ಬ್ರೆಜಿಲ್‌ನಲ್ಲಿ ಫಸಲು ಹೆಚ್ಚಾಯಿತು ಅಂದರೆ ಆಲ್ದೂರಿನ ಕಣದಲ್ಲಿ ನಿಂತವರ ಮುಖ ಕೆಂಪಾಗುತ್ತದೆ. ಯಾರಿಗೆ ಬೈಯೋದು? ಅಚ್ಚ ಮಲೆನಾಡಿನ ಬೈಗುಳ ಅಲ್ಲಿಯವರಿಗೆ ಅರ್ಥವಾಗಬೇಡವೇ? "ಪೂಲ್ ಇದ್ದಿದ್ರೆ ಬೆಂಗಳೂರಿಗೆ ಬಸ್ ಹತ್ತಿ ಹೋಗಿ ಬೋರ್ಡಿಗೆ ಉಗಿದು ಬರ್ಬಹುದಿತ್ತು" ಅಂತ ಹಿರಿಯರೊಬ್ಬರು ಕಣದ ಕಟ್ಟೆ ಮೇಲೆ ಕೂತು ಕೊರಗುತ್ತಿದ್ದರೆ, ಮೊಬೈಲಿನಲ್ಲಿ ಲಂಡನ್ ದರ ನೋಡುತ್ತಿದ್ದ ಮೊಮ್ಮಗ ತಲೆ ಎತ್ತದೆ ಹೇಳಿದ: "ಈಗ ಬೈಯೋಕೂ ಎಕ್ಸ್‌ಪೋರ್ಟ್ ಲೈಸೆನ್ಸ್ ಬೇಕು ತಾತ."