ಆಯ ತಪ್ಪಿದ ವಿಮಾನ

ನಮ್ಮ ಅತ್ತಿಬೆಲೆ ಕಡೆ ಆಯ ನೋಡದೆ ಪಾಯ ತೋಡೋರು ಕಮ್ಮಿ. ಉದ್ದ ಅಗಲ ಗುಣಿಸಿ, ಎಂಟರಿಂದ ಭಾಗಿಸಿ, ಧ್ವಜಾಯ ಬಂತೋ ವೃಷಭಾಯ ಬಂತೋ ಅಂತ ತಲೆ ಕೆರೆದುಕೊಂಡಿದ್ದೆಲ್ಲ ಆದ ಮೇಲೆ ಮೇಸ್ತ್ರಿ ತನಗೆ ತೋಚಿದಷ್ಟು ಕಟ್ಟುತ್ತಾನೆ, ಅದು ಬೇರೆ ಮಾತು. ಗ್ಲೈಡರಿಗೂ ಒಂದು ಆಯ ಇದೆ, ಅದು ತಪ್ಪಿದರೆ ಶಾಂತಿ ಹೋಮವೂ ಇಲ್ಲ ಅಂತ ನನಗೆ ಗೊತ್ತಾಗಿದ್ದು ಅರವತ್ತು ದಾಟಿದ ಮೇಲೆ.

ಮೂವತ್ತು ವರ್ಷ ಇಲ್ಲಿನ ಇಂಡಸ್ಟ್ರಿಯಲ್ ಏರಿಯಾದಲ್ಲಿ ಲೇತ್ ಮುಂದೆ ನಿಂತವನು ನಾನು. ನೂರನೇ ಒಂದು ಮಿಲಿಮೀಟರು ಅತ್ತಿತ್ತ ಆಗದಂತೆ ಕಬ್ಬಿಣ ಕಡೆದ ಕೈ. ಎಂಟನೇ ಕ್ಲಾಸಿನ ತಂಗಿ ಮಗ ಥರ್ಮೋಕೋಲ್ ಹಾಳೆ ತಂದು "ಮಾವ, ಗ್ಲೈಡರ್ ಮಾಡ್ಕೊಡು" ಅಂದಾಗ ಜಂಬದಿಂದಲೇ ಕೂತೆ. ರೆಕ್ಕೆ ದೊಡ್ಡದಾದಷ್ಟೂ ಒಳ್ಳೇದಲ್ವೇ? ಹಾಳೆಯ ಮುಕ್ಕಾಲು ರೆಕ್ಕೆಗೇ ಹೋಯಿತು. ಬಾಲಕ್ಕೆ ಸಿಕ್ಕಿದ್ದು ಕೊನೇ ಪಂಕ್ತಿಯವರಿಗೆ ಸಿಗೋ ಹೋಳಿಗೆಯಷ್ಟು.

ಮಹಡಿಯಿಂದ ಬಿಟ್ಟೆ. ಮೂತಿ ಎತ್ತಿತು, ಆಕಾಶ ನೋಡಿತು, ಯಾರೋ ಕರೆದಂತೆ ಅಲ್ಲೇ ನಿಂತಿತು, ಹಿಂದಕ್ಕೆ ಜಾರಿ ದೊಪ್ಪನೆ ಬಿತ್ತು. ಮೂತಿಗೆ ಒಂದು ಮುದ್ದೆ ಜೇಡಿಮಣ್ಣು ಮೆತ್ತಿದೆ. ಈ ಸಲ ನೆಟ್ಟಗೆ ನೆಲಕ್ಕೆ. "ಮಾವ, ಇದು ವಿಮಾನ ಅಲ್ಲ, ಬೋರ್‌ವೆಲ್" ಅಂದ ಪುಣ್ಯಾತ್ಮ.

ಆಮೇಲೆ ಅವನೂ ನಾನೂ ಕೂತು ಓದಿದೆವು. ನನ್ನ ಅಳತೆ ಸರಿಯಿತ್ತು, ಪ್ರಮಾಣ ತಪ್ಪಿತ್ತು. ಗ್ಲೈಡರಿನಲ್ಲಿ ಯಾವುದೂ ತಾನೇ ದೊಡ್ಡದಲ್ಲ, ಚಿಕ್ಕದಲ್ಲ. ಎಲ್ಲ ನಂಟಸ್ತನದ ಲೆಕ್ಕ. ರೆಕ್ಕೆಯ ಅಗಲ 10 ಸೆಂ.ಮೀ. ಇಟ್ಟುಕೊಳ್ಳಿ. ಉದ್ದ ಆರು ಪಟ್ಟು, ಅಂದರೆ 60. ವಿಸ್ತೀರ್ಣ 600 ಚದರ ಸೆಂ.ಮೀ. ಅಡ್ಡ ಬಾಲಕ್ಕೆ ಅದರಲ್ಲಿ ಐದನೇ ಒಂದು ಪಾಲು, 120. ನಿಂತ ಬಾಲಕ್ಕೆ ಆ 120ರ ಅರ್ಧಕ್ಕಿಂತ ಕಮ್ಮಿ ಸಾಕು. ಬಾಲ ಇರಬೇಕಾದ್ದು ರೆಕ್ಕೆಯ ಅಗಲದ ಎರಡೂವರೆ, ಮೂರು ಪಟ್ಟು ಹಿಂದೆ. ಹತ್ತಿರ ತಂದಿರೋ, ಬಾಲ ದೊಡ್ಡದು ಮಾಡಬೇಕು. ಕೀಲಿನ ಪಕ್ಕ ಕೈಯಿಟ್ಟು ಬಾಗಿಲು ತಳ್ಳಿ ನೋಡಿ, ಯಾಕೆ ಅಂತ ಗೊತ್ತಾಗುತ್ತೆ. ರೆಕ್ಕೆಯ ತುದಿಗಳನ್ನ ಮೂರು ಮೂರು ಸೆಂ.ಮೀ. ಮೇಲೆತ್ತಬೇಕು. ಒಂದು ಪಕ್ಕಕ್ಕೆ ವಾಲಿ ಜಾರಿದಾಗ ಕೆಳಗಿನ ರೆಕ್ಕೆಗೇ ಗಾಳಿ ಹೆಚ್ಚು ಒತ್ತಿ ಮತ್ತೆ ಎಬ್ಬಿಸುತ್ತೆ.

ಇಷ್ಟೂ ಸರಿಯಿದ್ದು ತೂಕ ಕೆಟ್ಟರೆ ಎಲ್ಲ ದಂಡ. ರೆಕ್ಕೆಯ ಮುಂದಿನ ಅಂಚಿನಿಂದ ಮೂರನೇ ಒಂದು ಪಾಲಿನ ಹತ್ತಿರ ಎರಡು ಬೆರಳಿಟ್ಟು ಎತ್ತಿದರೆ ತಕ್ಕಡಿ ಥರ ನಿಲ್ಲಬೇಕು. ಆಯ ತಪ್ಪಿ ಬಿದ್ದ ಅಂತೀವಲ್ಲ, ಆ ಆಯ ಇಲ್ಲಿದೆ.

ಪ್ರಮಾಣ ತಪ್ಪಿದ್ದು ನಮ್ಮ ತಾಲೂಕಿಗೆ ಹೊಸದಲ್ಲ ಬಿಡಿ. ಭರದ್ವಾಜ ಮಹರ್ಷಿಗಳದು ಅಂತ 'ವೈಮಾನಿಕ ಶಾಸ್ತ್ರ' ಹೇಳಿ ಬರೆಸಿದವರು ಆನೇಕಲ್ ಸುಬ್ಬರಾಯ ಶಾಸ್ತ್ರಿಗಳು. 1923ರಲ್ಲಿ ಎಲ್ಲಪ್ಪ ಅನ್ನೋ ಡ್ರಾಫ್ಟ್ಸ್‌ಮನ್ ಅದಕ್ಕೆ ಚಿತ್ರ ಬರೆದರು. ರುಕ್ಮ, ಸುಂದರ, ತ್ರಿಪುರ, ಶಕುನ, ಹೆಸರು ಕೇಳಿದರೇ ಹಾರುವ ಹಾಗಿವೆ. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್. ಎಸ್. ಮುಕುಂದ ಮತ್ತವರ ಜೊತೆಗಾರರು ಕೂತು ಲೆಕ್ಕ ಹಾಕಿ, ಇದರಲ್ಲಿ ಯಾವುದೂ ಹಾರೋ ಆಕಾರದ್ದಲ್ಲ, ಪುಸ್ತಕವೂ 1904ಕ್ಕಿಂತ ಹಳೇದಲ್ಲ ಅಂದುಬಿಟ್ಟರು. ಶಾಸ್ತ್ರಿಗಳನ್ನ ನೋಡಿ ನಗೋಕೆ ನನಗೇನು ಹಕ್ಕು? ಅವರದು ಮಾನವಾಗಿ ಕಾಗದದ ಮೇಲೇ ಉಳಿಯಿತು. ಮರ್ಯಾದೆ ಉಳಿಸಿದವರು ಘಾಟ್ಗೆ ಅನ್ನೋ ಎಂಜಿನಿಯರು: 1941ರಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟಿನಲ್ಲಿ ಹತ್ತು ಜನ ಕೂರೋ ಗ್ಲೈಡರನ್ನೇ ರೂಪಿಸಿದರು.

ಭಾನುವಾರ ಹೊಸ ಪ್ರಮಾಣದಲ್ಲಿ ಮಾಡಿದ್ದನ್ನ ಬಿಟ್ಟೆವು. ಸದ್ದಿಲ್ಲದೆ ಎರಡು ಮಹಡಿ ದಾಟಿ ಹಿಂದಿನ ಬೀದಿ ಅಕ್ಕ ಒಣಗಿಸಿದ್ದ ಸಂಡಿಗೆ ಮೇಲೆ ಇಳಿಯಿತು. "ಏನಣ್ಣ, ಈ ವಯಸ್ಸಲ್ಲಿ!" ಅಂದರು. ಬೈಗುಳವೂ ಮಂಗಳಾರತಿ ಥರ ಕೇಳಿಸಿತು.

ಹುಡುಗನಿಗೆ ಆಗಲೇ ಮುಂದಿನ ಹುಚ್ಚು. ಮೊಬೈಲಲ್ಲಿ ರುಕ್ಮ ವಿಮಾನದ ಚಿತ್ರ ತೋರಿಸಿ, "ಮಾವ, ಇದಕ್ಕೆ ಮೂತಿಗೆಷ್ಟು ಮಣ್ಣು ಬೇಕಾಗುತ್ತೆ?"

ಗೋಪುರದಂಥ ಆ ಚಿತ್ರವನ್ನ ಮೇಲೆ ಕೆಳಗೆ ತಿರುಗಿಸಿ ನೋಡಿದೆ.

"ಮೊದಲು ಇದರ ಮೂತಿ ಯಾವ ಕಡೆ ಅಂತ ಕಂಡುಹಿಡಿಯೋ."