ನಟ್ಟಿನಲ್ಲಿ ನಟ್ಟ ದೃಷ್ಟಿ

ಮುಳಬಾಗಿಲಿನಂಥ ತಾಲ್ಲೂಕು ಕೇಂದ್ರಗಳಲ್ಲಿ ಕಂಡುಬರುವ ನಿವೃತ್ತ ವಿಜ್ಞಾನ ಮೇಷ್ಟ್ರುಗಳ ಪೈಕಿ, ಸ್ವಂತ ಕಾರನ್ನು ಸ್ವಂತ ಕೈಯಿಂದಲೇ ರಿಪೇರಿ ಮಾಡುವ ವ್ರತ ಹಿಡಿದವರದೊಂದು ಉಪವರ್ಗವಿದ್ದು, ಅಧ್ಯಯನದ ಅನುಕೂಲಕ್ಕಾಗಿ ಅವರನ್ನು ಗೃಹಯಂತ್ರಜ್ಞರೆಂದು ಕರೆಯಬಹುದು. 1983ರಿಂದ 2014ರವರೆಗೆ ತಯಾರಾದ ಮಾರುತಿ 800ರ ಒಂದು ಪ್ರತಿ, ತಗಡಿನ ಪೆಟ್ಟಿಗೆಯ ತುಂಬ ಸ್ಪ್ಯಾನರುಗಳು ಹಾಗೂ ಮೆಕ್ಯಾನಿಕ್ಕುಗಳ ಬಿಲ್ಲಿನ ಬಗ್ಗೆ ಬಗೆಹರಿಯದ ಗುಮಾನಿ, ಇವು ಮೂರೂ ಇವರ ಸ್ಥಿರಾಸ್ತಿ. ದುಡ್ಡು ಉಳಿಸುವುದೇ ಉದ್ದೇಶವೆಂದು ಅವರು ಹೇಳಿಕೊಳ್ಳುತ್ತಾರಾದರೂ, ಸರ್ವಿಸಿನುದ್ದಕ್ಕೂ ಬೋಧಿಸಿದ ಸನ್ನೆಯ ತತ್ತ್ವವನ್ನು ಮಕ್ಕಳು ಒಪ್ಪಿದಂತೆ ಕಬ್ಬಿಣವೂ ಒಪ್ಪಬೇಕೆಂಬ ಹಟವೇ ಇದರ ಮೂಲವೆಂದು ತೋರುತ್ತದೆ.

ಈ ವರ್ಗದ ಲಕ್ಷಣಗಳೆಲ್ಲ ಒಟ್ಟಿಗೆ ಪ್ರಕಟವಾಗುವುದು ಆಲ್ಟರ್ನೇಟರಿನ ಪುಲ್ಲಿ ಬಿಚ್ಚುವ ದಿನ. ಎಂಜಿನ್ನಿನ ಬೆಲ್ಟಿನಿಂದ ತಿರುಗುತ್ತ ಕರೆಂಟು ಹುಟ್ಟಿಸಿ, ಸುಮಾರು 14 ವೋಲ್ಟಿನಲ್ಲಿ ಬ್ಯಾಟರಿಯನ್ನು ಚಾರ್ಜ್ ಮಾಡುವ ಯಂತ್ರವೇ ಆಲ್ಟರ್ನೇಟರ್. 1960ರಲ್ಲಿ ಅಮೆರಿಕದ ಕ್ರೈಸ್ಲರ್ ಕಂಪನಿ ತನ್ನ ವೇಲಿಯಂಟ್ ಕಾರಿಗೆ ಇದನ್ನು ಅಳವಡಿಸಿದ ಮೇಲೆ ಕಾರುಗಳಲ್ಲಿ ಹಳೆಯ ಡೈನಮೊ ಕ್ರಮೇಣ ಮರೆಯಾಯಿತಾದರೂ, ಹೆದ್ದಾರಿ ಬದಿಯ ಅಂಗಡಿಗಳವರು ಇಂದಿಗೂ ಇದನ್ನು ಡೈನಮೊ ಎಂದೇ ಕರೆಯುವುದರಿಂದ, ಅವರನ್ನು ತಿದ್ದುವ ಹೊಣೆಯೂ ಗೃಹಯಂತ್ರಜ್ಞರ ಮೇಲೆ ಬಿದ್ದಿದೆ. ಯಂತ್ರದ ನಡುವೆ ತಿರುಗುವ ತಾಮ್ರದ ಸುರುಳಿಯ ಭಾಗವನ್ನು ರೋಟರ್ ಎನ್ನುತ್ತಾರೆ. ಅದರ ದಂಡದ ಹೊರತುದಿಗೆ ನಟ್ಟು ಹಾಕಿ ಬಿಗಿದ, ಬೆಲ್ಟು ಕೂರುವ ಚಕ್ರವೇ ಪುಲ್ಲಿ. ಒಳಗಿನ ಬೇರಿಂಗು ಸವೆದು ಗರಗರ ಸದ್ದು ಹೊರಟಾಗ, ಹೊಸ ಬೇರಿಂಗು ಕೂರಿಸಬೇಕಾದರೆ ಮೊದಲು ಪುಲ್ಲಿ ಕಳಚಬೇಕು, ಪುಲ್ಲಿ ಕಳಚಬೇಕಾದರೆ ನಟ್ಟು ಮನಸ್ಸು ಮಾಡಬೇಕು.

ನಟ್ಟು ಮನಸ್ಸು ಮಾಡದಿರುವುದಕ್ಕೆ ಕಾರಣಗಳಿವೆ. ಎಂಜಿನ್ನಿಗಿಂತ ಎರಡು ಮೂರು ಪಟ್ಟು ವೇಗವಾಗಿ ತಿರುಗುವ ಈ ಪುಲ್ಲಿಯನ್ನು ಬೆಲ್ಟು ಎಳೆಯುವ ದಿಕ್ಕು ಸಾಮಾನ್ಯವಾಗಿ ನಟ್ಟು ಬಿಗಿಯುವ ದಿಕ್ಕೇ ಆಗಿರುವುದರಿಂದ, ಕಾರು ಓಡಿದಷ್ಟೂ ಒತ್ತಡ ಬಿಗಿಯುವ ಕಡೆಗೇ ಬೀಳುತ್ತದೆ. ಅದರ ಮೇಲೆ ತುಕ್ಕು ಬೇರೆ ಸೇರಿಕೊಳ್ಳುತ್ತದೆ. ಆದರೆ ನಿಜವಾದ ಪೇಚು ಬೇರೆಯೇ ಇದೆ: ಸ್ಪ್ಯಾನರು ಹಾಕಿ ನಟ್ಟನ್ನು ತಿರುಗಿಸಿದರೆ ಪುಲ್ಲಿ, ದಂಡ, ರೋಟರ್ ಎಲ್ಲವೂ ಅದರ ಜೊತೆಗೇ ತಿರುಗುತ್ತವೆ, ತಿರುಗಿಸುವವರು ಎಷ್ಟೇ ಸುತ್ತು ಹಾಕಿದರೂ ನಟ್ಟು ಇದ್ದಲ್ಲೇ ಇರುತ್ತದೆ.

ಬ್ಯಾಟರಿಯ ನೆಗೆಟಿವ್ ತಂತಿಯನ್ನು ಶಾಸ್ತ್ರೋಕ್ತವಾಗಿ ಕಳಚಿ, ಆಲ್ಟರ್ನೇಟರನ್ನು ಹೊರತೆಗೆದು, ಬಟ್ಟೆ ಒಗೆಯುವ ಕಲ್ಲಿನ ಮೇಲಿಟ್ಟುಕೊಂಡ ಗೃಹಯಂತ್ರಜ್ಞರು ಮೊದಲು ಸೀಮೆಎಣ್ಣೆ ಸುರಿಯುತ್ತಾರೆ, ಬಳಿಕ ದಂಡ ತಿರುಗದಂತೆ ಫ್ಯಾನಿನ ಎಲೆಗಳ ನಡುವೆ ಸ್ಕ್ರೂಡ್ರೈವರ್ ತೂರಿಸಿ ಎರಡು ಎಲೆಗಳನ್ನು ಸೊಟ್ಟ ಮಾಡುತ್ತಾರೆ, ಆಮೇಲೆ ಪುಲ್ಲಿಗೆ ಹಳೆಯ ಬೆಲ್ಟು ಸುತ್ತಿ ವೈಸಿನಲ್ಲಿ ಕಚ್ಚಿಸಿ, ಸ್ಪ್ಯಾನರಿನ ಹಿಡಿಗೆ ಬೋರ್‌ವೆಲ್ಲಿನ ಪೈಪಿನ ತುಂಡು ತೊಡಿಸಿ, ಸನ್ನೆಯ ತೋಳು ಉದ್ದವಾದಷ್ಟೂ ಬಲ ಹೆಚ್ಚುವುದೆಂದು ನೆರೆದವರಿಗೆ ವಿವರಿಸುತ್ತಾರೆ. ಬಲ ಹೆಚ್ಚುವುದು ನಿಜ. ಆದರೆ ಎಣ್ಣೆ ಕುಡಿದ ಬೆಲ್ಟು ಜಾರಿ, ಹೆಚ್ಚಿದ ಬಲವೆಲ್ಲ ಮೇಷ್ಟ್ರನ್ನು ಕನಕಾಂಬರದ ಪಾತಿಯವರೆಗೆ ತಲುಪಿಸುವುದಕ್ಕೆ ವಿನಿಯೋಗವಾಗುತ್ತದೆ. "ಏನ್ರೀ, ಆವಣಿ ಜಾತ್ರೆಗೆ ಬಸ್ಸಿಗೇ ಹೋಗೋದಾ?" ಎಂದು ಒಳಗಿನಿಂದ ಕೇಳಿಬರುವ ಪ್ರಶ್ನೆಗೆ ಅವರ ಉತ್ತರ ಚಾರಿತ್ರಿಕ ಸ್ವರೂಪದ್ದಾಗಿರುತ್ತದೆ: "1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಬಂದ ಸೀಮೆ ಕಣೇ ಇದು, ನಮಗೆ ಆಲ್ಟರ್ನೇಟರ್ ಒಂದು ಲೆಕ್ಕವೇ?" ವಡ್ಡಹಳ್ಳಿ ಮಂಡಿಯಲ್ಲಿ ಟೊಮೆಟೊ ಇಳಿಸಿ ಬಂದ ಎದುರುಮನೆಯ ಚಾಲಕನು "ಗನ್ನು ಹಾಕ್ಸಿ ಮೇಷ್ಟ್ರೇ" ಎಂದಷ್ಟೇ ಸೂಚಿಸಿದರೆ, ಅದನ್ನು ಅಶಾಸ್ತ್ರೀಯವೆಂದು ತಳ್ಳಿಹಾಕಲಾಗುತ್ತದೆ.

ಮಧ್ಯಾಹ್ನದ ಹೊತ್ತಿಗೆ ಆಲ್ಟರ್ನೇಟರು ಗೋಣಿಚೀಲದಲ್ಲಿ, ಹಿಂದೆ 4 ಎಂದಿದ್ದು ಈಗ 75 ಎಂದಾಗಿರುವ ಬೆಂಗಳೂರು–ಚೆನ್ನೈ ಹೆದ್ದಾರಿಯ ಬದಿಯ ಆಟೊ ಎಲೆಕ್ಟ್ರಿಕ್ ಅಂಗಡಿಗೆ ಬರುತ್ತದೆ. ಕೊಳೆಯುವ ಸರಕು ಹೊತ್ತ ಲಾರಿಗಳು ಕಾಯುವ ಈ ಸಾಲಿನಲ್ಲಿ ಚರ್ಚೆಗೆ ಅವಕಾಶ ಕಡಿಮೆ. ಗಾಳಿಯ ಒತ್ತಡದಿಂದ ನಟ್ಟಿಗೆ ಮೇಲಿಂದ ಮೇಲೆ ಚುರುಕಾದ ಪೆಟ್ಟು ಕೊಡುವ ಗನ್ನನ್ನು ಹುಡುಗನೊಬ್ಬ ಹಚ್ಚುತ್ತಾನೆ. ಟರ್ರೆಂದು ಸದ್ದಾಗುತ್ತದೆ, ನಟ್ಟು ಅಂಗೈಗೆ ಬರುತ್ತದೆ. ಭಾರವಾದ ರೋಟರ್ ಪ್ರತಿ ಪೆಟ್ಟಿಗೂ ತಾನು ತಿರುಗಲು ಹೊರಡುವಷ್ಟರಲ್ಲಿ ಪೆಟ್ಟೇ ಮುಗಿದಿರುವುದರಿಂದ, ದಂಡವನ್ನು ಗಟ್ಟಿಯಾಗಿ ಹಿಡಿಯುವ ಅಗತ್ಯ ಅಲ್ಲಿರುವುದಿಲ್ಲ. ನಿಂತದ್ದು ನಿಂತೇ ಇರಬಯಸುತ್ತದೆಂಬ ಈ ಗುಣಕ್ಕೆ ಜಡತ್ವವೆಂದು ಹೆಸರು. ಮೇಷ್ಟ್ರು ಅದನ್ನು ನ್ಯೂಟನ್ನನ ಮೊದಲನೆಯ ನಿಯಮವೆಂದು ಪ್ರತಿವರ್ಷವೂ ಬೋಧಿಸಿದ್ದರು, ಹುಡುಗ ಅದನ್ನು ಕೇಳಿಯೂ ಇರಲಿಲ್ಲ.

ಆದರೆ ಗೃಹಯಂತ್ರಜ್ಞರಿಗೆ ನಿಜವಾದ ಪೆಟ್ಟು ಬೀಳುವುದು, ಎಷ್ಟಾಯಿತೆಂದು ಕೇಳಿದಾಗ. "ಒಂದ್ ನಟ್ಟು ಬಿಚ್ಚಿದ್ದಕ್ಕೆ ದುಡ್ಡೇನ್ ಮೇಷ್ಟ್ರೇ, ಬಿಡಿ" ಎಂದು ಅಂಗಡಿಯವನು ಹೇಳಿದ ಕೂಡಲೇ, ಕೂಲಿ ಕಡಿಮೆ ಮಾಡಿಸುವುದರಲ್ಲಿ ಪಳಗಿದ ಅದೇ ವ್ಯಕ್ತಿ ಕೂಲಿ ಕೊಟ್ಟೇ ತೀರುವುದಾಗಿ ಪಟ್ಟು ಹಿಡಿಯುತ್ತಾರೆ. ಏಕೆಂದರೆ ಕೂಲಿ ಗೊತ್ತಾದರೆ ನಟ್ಟು ಕಠಿಣವಾಗಿತ್ತೆಂದಾಗುತ್ತದೆ, ಪುಕ್ಕಟೆಯಾದರೆ ಬೆಳಗಿನ ಶ್ರಮಕ್ಕೆ ಅರ್ಥವೇ ಉಳಿಯುವುದಿಲ್ಲ. ಹತ್ತು ರೂಪಾಯಿಯಿಂದ ಮೇಲಕ್ಕೇರಿದ ಈ ಅಪರೂಪದ ಚೌಕಾಸಿ ನೂರಕ್ಕೆ ಇತ್ಯರ್ಥವಾಗುತ್ತದೆ, ಮತ್ತು ಆ ನೂರು ರೂಪಾಯಿ ಮನೆಯ ಲೆಕ್ಕದ ಪುಸ್ತಕದಲ್ಲಿ ಬೇರಿಂಗಿನ ಬೆಲೆಯೊಳಗೆ ಸೇರಿಕೊಳ್ಳುತ್ತದೆ.